ಇಟ್ಟೊಳ ಲ್ಯಾಪ್‌ಟಾಪಿಗೆ ಕಳಿಸಿದ ಮೆಮೊರಿ

ಕಾಸಾಬ್ಲಾಂಕಾದ ದೆರ್ಬ್ ಘಲ್ಲೆಫ್ ಸಂತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಬುವಾಝನದು ಒಂದೇ ಹಟ. ಯಂತ್ರದೊಳಗಿನ ಹಳೆಯ ಮೆಮೊರಿ ಪಟ್ಟಿ ಕೈಗೆ ಬರದೆ ಹೊಸದು ಕೊಡುವವನಲ್ಲ. ಹಳೆಯದರ ಮೈಗೆ ಅಂಟಿಸಿದ ಚೀಟಿ ಓದಿ ಅದಕ್ಕೆ ಹೊಂದುವುದನ್ನು ಕೊಡಬೇಕು, ಹಳೆಯದು ಅಂಗಡಿಯ ಡಬ್ಬಕ್ಕೆ ಹೋಗಬೇಕು. ಸಂತೆಯ ರೂಢಿಯೇ ಅದು. ಒಡಹುಟ್ಟಿದ ಅಕ್ಕನಿಗೂ ರಿಯಾಯಿತಿ ಇರಲಿಲ್ಲ.

ದೂರದ ಖನೀಫ್ರಾ ಊರಲ್ಲಿದ್ದ ಅಕ್ಕ ಇಟ್ಟೊಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಬಾರದು. ಮಗ ಝಾಯಿದ್ ಇಟಲಿಯ ಆಸ್ಪತ್ರೆಯಲ್ಲಿ ಮಲಗಿದ್ದ. ತಾಯಿ ಮಗನ ಮಾತೆಲ್ಲ ಕೈಸನ್ನೆಯಲ್ಲೇ, ಅವನು ತಂದುಕೊಟ್ಟ ಹೊಸ ಲ್ಯಾಪ್‌ಟಾಪಿನ ಪರದೆಯ ಮೇಲೆ. ಆ ದರಿದ್ರ ಯಂತ್ರವೋ ಚಿತ್ರವನ್ನು ನಡುನಡುವೆ ನಿಲ್ಲಿಸಿಬಿಡುತ್ತಿತ್ತು. ಮಗ ಕೈ ಎತ್ತಿದ್ದು ಕಂಡರೆ ಇಳಿಸಿದ್ದು ಕಾಣದು. ಬಕ್ರೀದಿನ ಮರುದಿನ ಅವನಿಗೆ ಆಪರೇಷನ್. ಹಬ್ಬದ ಬೆಳಿಗ್ಗೆ ಅವನೊಡನೆ ಸಲೀಸಾಗಿ ಮಾತಾಡಬೇಕು, ಅಷ್ಟೇ ಅವಳ ಆಸೆ. ಮೆಮೊರಿ ಹೆಚ್ಚಿಸಿದರೆ ಸರಿಹೋದೀತು ಎಂದು ಬುವಾಝನೇ ಹೇಳಿದ್ದ.

ಪಕ್ಕದ ಮನೆಯ ತೂದಾ ಹಳೆಯದನ್ನು ಬಿಚ್ಚಿ ಬಸ್ ಡ್ರೈವರನ ಕೈಯಲ್ಲಿ ಕಳಿಸಿದಳು. ಹಬ್ಬದ ಸಂತೆ, ಕಾಲಿಡಲು ಜಾಗವಿಲ್ಲ. ಅಕ್ಕನಿಗೆ ತಾನೆ, ದೊಡ್ಡದೇ ಇರಲಿ ಎಂದು ಬುವಾಝ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮೆಮೊರಿ ಆರಿಸಿ ಅದೇ ಬಸ್ಸಿಗೆ ಕೊಟ್ಟ. ಹಳೆಯದನ್ನು ಡಬ್ಬಕ್ಕೆ ಎಸೆದ. ಪುಣ್ಯಾತ್ಮ, ಅದೊಂದು ದಿನ ಚೀಟಿ ಓದಲೇ ಇಲ್ಲ!

ಹಬ್ಬದ ಬೆಳಿಗ್ಗೆ ತೂದಾ ಫೋನ್ ಮಾಡಿದಳು. "ಬುವಾಝಣ್ಣ, ಸರಿಯಾಗೇ ಕೂತಿದೆ, ಆದ್ರೆ ಆನ್ ಆಗ್ತಾನೇ ಇಲ್ಲ. ಇಟ್ಟೊ ಹೊಸ ಬಟ್ಟೆ ಹಾಕ್ಕೊಂಡು ಅದರ ಮುಂದೆ ಕೂತಿದ್ದಾಳೆ."

ಅವನು ಅಂಗಡಿಗೆ ಓಡಿ ಡಬ್ಬ ಬೋರಲು ಹಾಕಿ ಚೀಟಿ ಓದಿದ. ಆ ಯಂತ್ರಕ್ಕೆ ಕಡಿಮೆ ವೋಲ್ಟೇಜಿನ ಮೆಮೊರಿಯೇ ಬೇಕು. ಇವನು ಕಳಿಸಿದ್ದು ಹೆಚ್ಚಿನದು. ಜಾಗದಲ್ಲೇನೋ ಕೂರುತ್ತದೆ, ಯಂತ್ರ ಚಾಲೂ ಆಗುವುದಿಲ್ಲ. ಹಳೆಯದನ್ನೇ ಮತ್ತೆ ಹಾಕಿ ಎನ್ನೋಣವೆಂದರೆ ಅದು ಇವನ ಅಂಗೈಯಲ್ಲಿದೆ. ಹಬ್ಬಕ್ಕೆ ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ, ಸೈಬರ್ ಕೆಫೆಗೂ ಬೀಗ. ತೂದಾಳ ಫೋನಿನಲ್ಲಿ ಮಾತಾಡೋಣವೆಂದರೆ ಅದು ಚಿತ್ರ ಕಾಣದ ಹಳೆಯ ಫೋನು, ಇಟ್ಟೊಗೆ ಕಿವಿಯಿಲ್ಲ. ಮುಚ್ಚಿದ ಸಂತೆಯ ನಡುವೆ ನಿಂತು ಅವನು ಗೊಳೋ ಎಂದು ಅತ್ತ.

ಮರುದಿನ ಸಿಕ್ಕ ಟ್ಯಾಕ್ಸಿ ಹತ್ತಿ ತಾನೇ ಹೋದ. ಸರಿಯಾದ ಮೆಮೊರಿ ಹಾಕಿದೊಡನೆ ಪರದೆ ಬೆಳಗಿತು. ಕರೆಗೆ ಸಿಕ್ಕವನು ಝಾಯಿದನ ಗೆಳೆಯ ಸಫ್ವಾನ್. ಅತ್ತು ಅತ್ತು ಅವನ ಮುಖ ಊದಿತ್ತು.

"ಮಾವ, ಆಪರೇಷನ್‌ನಿಂದ ಅವನು ಏಳಲೇ ಇಲ್ಲ."

ಅದನ್ನು ಬುವಾಝ ಅಕ್ಕನಿಗೆ ಕೈಯಲ್ಲಿ ಹೇಳಬೇಕಾಯಿತು. ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ನನಗೆ ಏನಾದರೂ ಹೇಳಿದನಾ ಎಂದು ಸನ್ನೆಯಲ್ಲೇ ಕೇಳಿದಳು. ಬುವಾಝ ಅದನ್ನು ಸಫ್ವಾನನಿಗೆ ಹೇಳಿದ.

"ನಿನ್ನೆಯೆಲ್ಲ ಕಾದ, ಮಾವ. ಇವತ್ತು ಒಳಗೆ ಕರ್ಕೊಂಡು ಹೋಗುವಾಗ ಕೈಯಲ್ಲಿ ಏನೋ ಮಾಡಿ, ಅಮ್ಮನಿಗೆ ಹೀಗೇ ತೋರಿಸು ಅಂದ. ಹಾಗಂದ್ರೇನೋ ಅಂದ್ರೆ ನಕ್ಕುಬಿಟ್ಟ, ಅವಳಿಗೆ ಗೊತ್ತು ಅಂದ."

ಸಫ್ವಾನ್ ಮಾಡಿ ತೋರಿಸಿದ. ಚಿತ್ರ ಎಲ್ಲೂ ನಿಲ್ಲಲಿಲ್ಲ. ಇಟ್ಟೊಗೆ ತಿಳಿಯಲಿಲ್ಲ, ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಈ ಸಲ ಅವನ ಬೆರಳುಗಳು ಬೇರೆ ರೀತಿ ಆಡಿದವು. ಮತ್ತೊಮ್ಮೆ ಎಂದಳು. ಅವನು ಮುಖ ಮುಚ್ಚಿಕೊಂಡ. "ಮರ್ತೋಯ್ತು ಅಂತ ಹೇಳಿ, ಮಾವ."

ಹೇಳಲು ಬುವಾಝ ಕೈ ಎತ್ತಿದ. ಅಕ್ಕ ಅವನತ್ತ ತಿರುಗಲೇ ಇಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಎಂದು ಪರದೆಗೆ ಸನ್ನೆ ಮಾಡುತ್ತಲೇ ಇದ್ದಳು.