ಗಂಡಿನ ಕಡೆಯವರಲ್ಲ

ಹೋದ ವಾರ ಸಂಜೆ ಹಾಸನದ ಬಿ.ಎಂ. ರಸ್ತೆಯಲ್ಲಿ ಪೊಲೀಸರು ಗಾಡಿಗಳನ್ನು ಅಡ್ಡಹಾಕಿ ಕುಡಿದಿದ್ದಾರೆಯೇ ಎಂದು ನೋಡಲು ಸವಾರರ ಕೈಲಿ ಯಂತ್ರಕ್ಕೆ ಊದಿಸುತ್ತಿದ್ದರು. ನನ್ನ ಹಳೇ ಸ್ಕೂಟರೂ ಸಾಲಿನಲ್ಲಿ ನಿಂತಿತು. ನನ್ನ ಸರದಿ ಬಂದಾಗ ಕಾನ್‌ಸ್ಟೇಬಲ್ ನನ್ನ ನರೆತ ತಲೆ ನೋಡಿ, "ನೀವ್ ಓಗಿ ಸಾ" ಎಂದು ಕೈಬೀಸಿದ. ಹೋಗಬಹುದಿತ್ತು. ಆದರೆ ಅವನ ಕೈಲಿದ್ದ ಯಂತ್ರದಿಂದ ಆಗತಾನೇ ಒರೆಸಿದ ಸ್ಪಿರಿಟ್ಟಿನ ವಾಸನೆ ಬಂತು. ಅದು ನನ್ನನ್ನು ಹಾಸನದಲ್ಲಿ ನಿಲ್ಲಗೊಡದೆ ಸೀದಾ ಹಳ್ಳಿಮೈಸೂರಿನ ಕಡೆಗೆ ಎಳೆದುಕೊಂಡು ಹೋಯಿತು. ಹಿಂದಿನವನು ಹಾರ್ನ್ ಹೊಡೆಯುವುದರೊಳಗೆ ನಿಮಗೆ ಆ ಸಂಗತಿ ಹೇಳಿಬಿಡುತ್ತೇನೆ.

ಸಾರಾಯಿ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ ಕಾಲ. ಕುಡಿತ ಬಿಡಿಸುವ ಚಿಕಿತ್ಸೆಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ ಎಂದು ತಿಳಿಯಲು ದೇಶದ ಬೇರೆಬೇರೆ ಊರುಗಳ ಆಸ್ಪತ್ರೆಗಳು ಸೇರಿ ಒಂದು ಸಂಶೋಧನಾ ಜಾಲ ಕಟ್ಟಿಕೊಂಡಿದ್ದವು. ಅದನ್ನು ಹುಟ್ಟುಹಾಕಿದ ದೊಡ್ಡ ಡಾಕ್ಟರು ನಿವೃತ್ತರಾಗಿ ಹಾಸನಕ್ಕೆ ಬರುವಾಗ ಪಾತ್ರೆ ಪಡಗದ ಜೊತೆ ಜಾಲವನ್ನೂ ತಂದುಬಿಟ್ಟರು. ನಾನು ಅದರ ರಾಷ್ಟ್ರೀಯ ಸಂಯೋಜಕ. ಹೆಸರು ಕೇಳಿ ಬೆಚ್ಚಬೇಡಿ; ಒಂದು ಕೋಣೆ, ಒಂದು ಫೋನು, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಫ್ಯಾಕ್ಸು. ಸಂಯೋಜಕನೆಂದರೆ ಮದುವೆ ಮನೆಯಲ್ಲಿ ಓಡಾಡುವ ಷಡ್ಡಕನ ಹಾಗೆ. ಎಲ್ಲರೂ ಕೂಗುತ್ತಾರೆ, ಯಾರೂ ಮಾತು ಕೇಳುವುದಿಲ್ಲ.

ದೇಶದ ಎಲ್ಲ ಕಡೆಯೂ ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ತಿಂಗಳಲ್ಲಿ ಎಷ್ಟು ದಿನ ಕುಡಿದಿರಿ ಎನ್ನುವುದು ಮೊದಲ ಪ್ರಶ್ನೆ. ದೊಡ್ಡ ಊರುಗಳಿಂದೆಲ್ಲ ಅಚ್ಚುಕಟ್ಟಾದ ಉತ್ತರ ಬರುತ್ತಿತ್ತು. ಅರಕಲಗೂಡಿನ ಒಬ್ಬ ಯಜಮಾನರು ಮಾತ್ರ, "ಕುಡೀದೆ ಇದ್ದ ದಿನ ಕೇಳಿ ಸಾ, ಬ್ಯಾಗ ಯೋಳ್ಬೋದು" ಎಂದಿದ್ದರು. ಲೆಕ್ಕದಲ್ಲಿ ಅವರದೇನೂ ತಪ್ಪಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಹೋದವರನ್ನು ತಿಂಗಳಿಗೊಮ್ಮೆ ನೋಡಿಬರಬೇಕು, ಮಾತಾಡಿಸಬೇಕು, ಯಂತ್ರಕ್ಕೆ ಊದಿಸಬೇಕು. ಇದನ್ನು ಗುಟ್ಟಾಗಿ ಮಾಡಬೇಕೆಂಬುದು ಜಾಲದ ಕಟ್ಟುನಿಟ್ಟಾದ ನಿಯಮ. ಜೀಪು ಕೂಡದು, ಆಸ್ಪತ್ರೆಯ ಹೆಸರು ಎತ್ತಕೂಡದು. ದಿಲ್ಲಿಯ ಸಭೆಯಲ್ಲಿ ಎಲ್ಲರೂ ಇದಕ್ಕೆ ತಲೆದೂಗಿದ್ದರು. ನಾನೂ ತೂಗಿದ್ದೆ. ಹೊಳೆನರಸೀಪುರ ತಾಲ್ಲೂಕಿಗೆ ಜನ ಸಾಲದೆ ಆ ಕಡೆಯ ಭೇಟಿಗೆ ನಾನೇ ಬಸ್ಸು ಹತ್ತುತ್ತಿದ್ದೆ. ಜೊತೆಗೆ ಗೌರಮ್ಮ. ಚನ್ನರಾಯಪಟ್ಟಣದವರು, ನರ್ಸಾಗಿ ನಿವೃತ್ತರಾದವರು. ನೀಟಾಗಿ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ ಹಿಡಿದೇ ಬಸ್‌ಸ್ಟಾಂಡಿಗೆ ಬರುತ್ತಿದ್ದರು. "ಇದೆಲ್ಲ ಯಾಕಮ್ಮ?" ಎಂದರೆ, "ಹೆಣ್ಮಕ್ಳಿರೋ ಮನೆಗೆ ಬರಿಗೈಲಿ ಹೋಗೋದಾ? ನಿಮ್ಮ ದಿಲ್ಲಿಯೋರಿಗೆ ಗೊತ್ತಾಗಲ್ಲ, ನೀವು ಸುಮ್ನಿರಿ" ಎಂದರು.

ಹಳ್ಳಿಮೈಸೂರಿನ ಆಚೆ ಒಂದು ಊರಿನಲ್ಲಿ ಪುಟ್ಟಸ್ವಾಮಿಗೌಡರ ಮನೆ. ಗದ್ದೆ, ತೆಂಗು, ಜನರಲ್ಲಿ ಮಾತಿಗೆ ಬೆಲೆ ಎಲ್ಲ ಇದ್ದು, ಎಲ್ಲವನ್ನೂ ಪ್ಯಾಕೆಟ್ಟಿನಲ್ಲಿ ಕುಡಿಯಲು ಹೊರಟಿದ್ದ ಮನುಷ್ಯ. ಕುಡಿಯುತ್ತಾರೆಂಬುದು ಊರಿಗೇ ಗೊತ್ತಿತ್ತು, ಅದೇನೂ ಗುಟ್ಟಲ್ಲ. ಬಿಡುವುದಕ್ಕೆ ತಲೆ ಡಾಕ್ಟರ ಆಸ್ಪತ್ರೆಗೆ ಹೋಗಿ ಮಲಗಿದ್ದರು ಎನ್ನುವುದು ಗುಟ್ಟು. ಆ ದಿನಗಳನ್ನು ಮೈಸೂರಿನ ಭಾವಮೈದುನನ ಮನೆಯಲ್ಲಿ ಕಳೆದೆನೆಂದು ಊರಲ್ಲಿ ಹೇಳಿದ್ದರು. ನಮ್ಮನ್ನು "ಆಸನದ ಕಡೆ ನೆಂಟ್ರು" ಅನ್ನುತ್ತಿದ್ದರು. ನಾವು ಹೋದೊಡನೆ ಮಗಳು ಸವಿತ ತಟ್ಟೆಯಲ್ಲಿ ಕಾಫಿ ತರುವಳು, ಗೌರಮ್ಮ ಅವಳ ಮುಡಿಗೆ ಹೂವು ಮುಡಿಸುವರು. ನಾನು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಕೂತಿರುವೆನು. ಆಮೇಲೆ ಬಾಗಿಲು ಹಾಕಿಕೊಂಡು ಮಾತುಕತೆ. ಹೊರಗಿನವರಿಗೆ ಇದು ಹೇಗೆ ಕಾಣಬಹುದೆಂದು ಮಾತ್ರ ಜಾಲದ ಯಾವ ವಿದ್ವಾಂಸನಿಗೂ ಹೊಳೆಯಲಿಲ್ಲ.

ಒಂದು ಸಲ ಹೋದಾಗ ಗೌಡರ ಹೆಂಡತಿ ಜಯಮ್ಮನವರ ಕಣ್ಣು ಕೆಂಪಾಗಿತ್ತು. ಗೌರಮ್ಮನ ಕೈ ಹಿಡಿದುಕೊಂಡು, "ಅಕ್ಕಾ, ನೀವಿನ್ನು ಬರ್ಬ್ಯಾಡಿ. ಊರೋರು ನಿಮ್ಮುನ್ನ ಗಂಡಿನ್ ಕಡೆಯೋರು ಅಂದ್ಕಂಡವ್ರೆ. ತಿಂಗ್ಳ್ ತಿಂಗ್ಳೂ ನೋಡ್ತಾವ್ರೆ, ಒಪ್ಕತಾ ಇಲ್ಲ, ಉಡ್ಗೀಲಿ ಏನೋ ಐಬೈತೆ ಅಂತವ್ರೆ. ಅರಕಲಗೂಡಿಂದ ಎಣ್ ನೋಡಕ್ ಬತ್ತೀವಿ ಅಂದಿದ್ದೋರೂ ಬರ್ನಿಲ್ಲ" ಎಂದರು. ಸವಿತ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ನಾವು ಬರುವುದು ನಿಂತರೆ ಗೌಡರ ಗತಿ ಏನು? ಅವರೇ ಹಿಂದಿನ ಸಲ ಹೇಳಿದ್ದರು: "ನೀವ್ ಬತ್ತೀರಿ ಅನ್ನೋ ಅಂಕೆ ಒಂದೈತೆ ಸಾ. ಅದಿಲ್ದಿದ್ರೆ ಅಂಗಡಿ ಮುಂದೆ ಕಾಲು ತಾನಾಗೇ ನಿತ್ಕಬುಡ್ತದೆ." ಬಂದರೆ ಮಗಳಿಗೆ ಸಂಬಂಧವಿಲ್ಲ, ಬಾರದಿದ್ದರೆ ಅಪ್ಪನಿಗೆ ತಡೆಯಿಲ್ಲ. ನಾನು ಸಂಯೋಜಕನ ದನಿಯಲ್ಲಿ, ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದೆ. ಅಷ್ಟು ಪೇಲವವಾದ ಮಾತನ್ನು ನಾನು ಇನ್ನೆಂದೂ ಆಡಿಲ್ಲ.

ಗೌಡರು ನನ್ನ ಮಾತಿಗೆ ಕಾಯಲಿಲ್ಲ. ಗೌರಮ್ಮನ ಚೀಲದಿಂದ ಯಂತ್ರ ತೆಗೆದುಕೊಂಡರು, ಹಾಕಿದ್ದ ಬಾಗಿಲು ತೆಗೆದರು, ಜಗಲಿಗೆ ಹೋಗಿ ನಿಂತರು. ಎದುರು ಮನೆಯವರು, ದನ ಹೊಡೆದುಕೊಂಡು ಬರುತ್ತಿದ್ದವರು ಎಲ್ಲ ನಿಂತು ನೋಡಿದರು.

"ಬನ್ರಪ್ಪಾ ಇಲ್ಲಿ! ಇವ್ರು ಗಂಡಿನ್ ಕಡೆಯೋರಲ್ಲ. ಕುಡಿಯೋದ್ ಬುಡ್ಸೋ ಆಸ್ಪತ್ರೆಯೋರು. ನಾನು ಮೈಸೂರಲ್ಲಿರ್ನಿಲ್ಲ, ಅಲ್ಲೇ ಮಲಗಿದ್ದೆ. ಇವ್ರು ನೋಡಕ್ ಬತ್ತಿರಾದು ನನ್ನ ಕಣ್ರಪ್ಪಾ, ನನ್ ಮಗ್ಳನ್ನಲ್ಲ!"

ಉಸಿರೆಳೆದು ಊದಿದರು. ಸೊನ್ನೆ ಬಂತು. ಯಂತ್ರವನ್ನು ಜನರ ಕಡೆ ತಿರುಗಿಸಿ ಹಿಡಿದರು.

ಎದುರು ಮನೆಯ ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿ, "ಸೊನ್ನೆ ಅಂದ್ರೆ ಪಾಸೋ ಫೇಲೋ ಪುಟ್ಸಾಮಿ?" ಎಂದಳು.

"ಪಾಸು ಕಣಜ್ಜಿ."

"ಅಂಗಾರೆ ನಮ್ಮೋನ್ಗೂ ಒಂದ್ಸಲ ಊದ್ಸು" ಎಂದು ಅಜ್ಜಿ ಮಗನನ್ನು ಕೂಗಲು ತಿರುಗಿದರೆ, ಮಗ ಆಗಲೇ ಹಿತ್ತಲ ಬೇಲಿ ದಾಟಿದ್ದ.

ಮುಂದೆ ಅರಕಲಗೂಡಿನವರು ಬಂದರು. ಹುಡುಗನ ತಾಯಿ ಹುಡುಗಿಯನ್ನು ನೋಡಿದ ಮೇಲೆ ನಮ್ಮ ವಿಳಾಸವನ್ನೂ ಕೇಳಿಕೊಂಡು ಹೋದರಂತೆ, ಅವರ ಮನೆಯಲ್ಲೂ ಊದಬೇಕಾದವರೊಬ್ಬರಿದ್ದರು. ಮದುವೆಯಾಯಿತು. ಗೌಡರು ಅದಾದ ಮೇಲೆ ಒಮ್ಮೆ ಜಾರಿದರು, ತಾವೇ ಬಸ್ಸು ಹತ್ತಿ ಹಾಸನಕ್ಕೆ ಬಂದರು, ಮತ್ತೆ ಎದ್ದರು. ಜಾಲದ ನಿಯಮಕ್ಕೆ ಒಂದು ಸಾಲು ಸೇರಿತು: ಮನೆಗೆ ಹೋಗುವ ಮುಂಚೆ, ನಾವು ಯಾರೆಂದು ಹೇಳಿಕೊಂಡು ಬರಬೇಕೆಂದು ಚಿಕಿತ್ಸೆ ಪಡೆದವರನ್ನೇ ಕೇಳತಕ್ಕದ್ದು. ಇದು ಯಾವ ಜಗಲಿಯಿಂದ ಬಂತೆಂದು ದಿಲ್ಲಿಯಲ್ಲಿ ಯಾರೂ ಕೇಳಲಿಲ್ಲ.

ಹಿಂದಿನವನು ಹಾರ್ನ್ ಹೊಡೆದ. "ಓಗಿ ಸಾ" ಎಂದ ಕಾನ್‌ಸ್ಟೇಬಲ್. ಅಷ್ಟು ವರ್ಷ ಅಷ್ಟು ಜನರ ಕೈಲಿ ಊದಿಸಿದವನು ನಾನು, ನಾಲ್ಕು ಜನರೆದುರು ಒಂದು ದಿನವೂ ಊದಿದವನಲ್ಲ.

"ಇಲ್ಲಪ್ಪ, ನಾನೂ ಊದ್ತೀನಿ" ಎಂದು ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಇಳಿದೆ. ಸಾಲಿನವರೆಲ್ಲ ತಿರುಗಿ ನೋಡಿದರು. ಕಾಫಿ ಬಿಟ್ಟು ಬೇರೇನೂ ಕುಡಿದಿರಲಿಲ್ಲ, ಆದರೂ ಎರಡೆರಡು ಸಲ ಕನ್ನಡಕ ಸರಿಮಾಡಿಕೊಂಡೆ. ಊದಿದೆ. ಸೊನ್ನೆ. "ಯೋಳ್ನಿಲ್ವಾ ಸಾ!" ಎಂದು ಕಾನ್‌ಸ್ಟೇಬಲ್ ನಕ್ಕು ಯಂತ್ರವನ್ನು ನನ್ನ ಕೈಗೇ ಕೊಟ್ಟ, ನೋಡಿಕೊಳ್ಳಲೆಂದು.

ಗೌಡರ ಹಾಗೆ ಅದನ್ನು ಜನರ ಕಡೆ ತಿರುಗಿಸೋಣವೆಂದುಕೊಂಡೆ. ಮುಚ್ಚಿಡುವುದಕ್ಕೆ ಏನೂ ಇಲ್ಲದ ನನ್ನ ಕೈ ಮೇಲೇಳಲಿಲ್ಲ.