ಕಾಕಾರ ಬಾಯಿ, ಯಾರದೋ ದನಿ

ಸಂಜೆಯ ಹೊತ್ತಿಗೆ ಅವರ ಗುಂಗುರು ಕೂದಲಿನಲ್ಲಿ ಕಬ್ಬಿಣದ ಸಣ್ಣ ಚೂರುಗಳು ಸಿಕ್ಕಿಕೊಂಡು ಹೊಳೆಯುತ್ತಿದ್ದವು. ಮನೆಗೆ ಹೊರಡುವ ಮುನ್ನ ನಮ್ಮ ಫೋರ್‌ಮನ್ ಕಾಕಾ ತಲೆ ಬಗ್ಗಿಸಿ, ದಪ್ಪ ಬೆರಳುಗಳಿಂದ ಅವನ್ನು ಕೊಡವುತ್ತಿದ್ದರು. "ಇಲ್ಲದಿದ್ರ ಮಗಳು ಬಾಗಲಾಗ ನಿಲ್ಲಸ್ತಾಳಪಾ" ಎಂದು ನಗುತ್ತಿದ್ದರು. ಹುಬ್ಬಳ್ಳಿ ಹತ್ತಿರದ ತಾರಿಹಾಳದ ಆ ವರ್ಕ್‌ಶಾಪಿನಲ್ಲಿ ಅವರು ಕಬ್ಬಿಣ ಕಡೆಯುವ ಲೇಥ್ ನೋಡಿಕೊಳ್ಳುತ್ತಿದ್ದರು, ನಾನು ಸ್ಟೋರ್.

ಕಾಕಾ ಸಿದ್ದಿ ಜನಾಂಗದವರು. ಹಿರೀಕರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರಂತೆ; ಕಾಕಾ ಬಂದದ್ದು ಯಲ್ಲಾಪುರದ ಕಡೆಯಿಂದ. ಬಸ್ಸಿನಲ್ಲಿ ಯಾರಾದರೂ ಮೈಬಣ್ಣ ನೋಡಿ ಹಿಂದಿಯಲ್ಲಿ ಯಾವ ದೇಶ ಎಂದು ಕೇಳಿದರೆ, "ಕಲಘಟಗಿ ದಾಟಿ ಸ್ವಲ್ಪ ಮುಂದ ಬರ್ತೈತ್ರಿ ನಮ್ಮ ದೇಶ" ಅನ್ನೋರು. ಕೇಳಿದವನ ಮುಖ ನೋಡಬೇಕಿತ್ತು! ಚಹಾದ ಹೊತ್ತಿನಲ್ಲಿ ಪೇಪರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮೆಷಿನ್ ಸದ್ದಿಗೂ ಜಗ್ಗದ ದನಿ. ಸ್ಟೋರಿನ ಬೋರ್ಡಿನ ಮೇಲೆ ಸಾಮಾನಿನ ಹೆಸರು ಬರೆಯುವಾಗ ನಾನು ಒಂದು ಒತ್ತು ತಪ್ಪಿದರೂ ಚಾಕ್‌ಪೀಸ್ ಕಸಿದುಕೊಂಡು, "ತುಕ್ಕು ಕಬ್ಬಿಣಕ್ಕ ಹಿಡೀಲಿ ತಮ್ಮಾ, ನಾಲಿಗಿಗೆ ಹಿಡೀಬಾರ್ದು" ಎಂದು ತಿದ್ದುತ್ತಿದ್ದರು. ಊರು ತಮ್ಮನ್ನು ಹೊರಗಿನವನೆಂದು ನೋಡಿದಾಗಲೆಲ್ಲ ಅವರ ಬಳಿ ಇದ್ದ ಉತ್ತರ ಆ ಕನ್ನಡವೊಂದೇ.

ಹಾಳಾದ ಸಿನಿಮಾ ಹುಚ್ಚು ನನ್ನದು. ಬೆಂಗಳೂರಿನ ಒಂದು ತಂಡಕ್ಕೆ ಶೂಟಿಂಗಿಗೆ 'ಕಾಡುಜನ' ಬೇಕಾಗಿದ್ದಾರೆ ಎಂದು ಗೆಳೆಯನೊಬ್ಬ ಹೇಳಿದಾಗ ಕಾಕಾರ ಹೆಸರು ಕೊಟ್ಟವನು ನಾನೇ. ಕಾಡಿನ ಮುಖಂಡನ ಪಾತ್ರ. ನಾಯಕಿಯನ್ನು ಹಿಡಿದು ತಂದವರಿಗೆ ಅವರು ಹೇಳಬೇಕಾದದ್ದು ಒಂದೇ ಮಾತು: "ಇವಳು ನಮ್ಮ ಅತಿಥಿ, ಬಿಟ್ಟುಬಿಡಿ." ಕಾಕಾ ಒಂದು ವಾರ ಲೇಥ್ ಮುಂದೆ ನಿಂತು ಅದನ್ನೇ ಅಂದರು. "ನಮ್ಮಂಥಾವ್ರು ಸಿನೇಮಾದಾಗ ಕನ್ನಡ ಮಾತಾಡೂದು ಕಂಡ್ರ, ಯಾವ ದೇಶ ಅಂತ ಕೇಳೂದು ಬಿಡ್ತಾರ ಮಂದಿ" ಎನ್ನುತ್ತಿದ್ದರು. ನನ್ನ ಮಾತಿಗಲ್ಲ, ಆ ಆಸೆಗೆ ಅವರು ಹೊರಟದ್ದು.

ಶೂಟಿಂಗಿಗೆ ನಾನೂ ಜೊತೆಗೆ ಹೋದೆ. ಮೇಕಪ್ಪಿನವನು ಮೊದಲು ಅವರ ಮುಖಕ್ಕೆ ಕಪ್ಪು ಬಳಿದ. ಇದ್ದ ಕಪ್ಪು ಸಾಲಲಿಲ್ಲವಂತೆ! ಕೊರಳಿಗೆ ಎಲುಬಿನ ಸರ ಹಾಕಿದ. ಕ್ಯಾಮೆರಾ ಮುಂದೆ ನಿಂತಾಗ ನಿರ್ದೇಶಕ, "ಬರೆದದ್ದು ಬೇಡ, ನಿಮ್ಮ ಭಾಷೆಯಲ್ಲೇ ಹೇಳಿ" ಅಂದ. ಕಾಕಾರ ಮುಖ ಅರಳಿತು. ಬೆಂಗಳೂರಿನವರು ನಮ್ಮ ಧಾರವಾಡದ ಕಡೆಯ ಮಾತು ಕೇಳುತ್ತಿದ್ದಾರೆ ಎಂದೇ ತಿಳಿದರು. ನಾನೂ ಹಾಗೆಯೇ ತಿಳಿದೆ, ದಡ್ಡ. ಎದೆಯುಬ್ಬಿಸಿ, "ಬಿಡ್ರಿ ಆಕೀನ್ನ! ನಮ್ಮ ಮನಿಗೆ ಬಂದಾಕಿ ಅದಾಳ!" ಎಂದರು. ಸೆಟ್ಟಿನವರೆಲ್ಲ ಬಿದ್ದು ಬಿದ್ದು ನಕ್ಕರು.

"ಅಯ್ಯೋ, ಅದಲ್ಲ. ನಿಮ್ಮದು, ಆಫ್ರಿಕಾದ್ದು."

"ಅದು ನನಗ ಬರಂಗಿಲ್ರಿ. ನಮ್ಮ ಮುತ್ಯಾಗೂ ಬರ್ತಿರ್ಲಿಲ್ಲ. ಮನ್ಯಾಗ ಕೊಂಕಣಿ, ಹೊರಗ ಕನ್ನಡ, ಮುಗೀತು."

"ಹಾಗಾದರೆ ಬಾಯಿಗೆ ಬಂದದ್ದು ಏನಾದರೂ ಅನ್ನಿ."

ಕಾಕಾ ನನ್ನ ಕಡೆ ನೋಡಿದರು. "ಅಂದುಬಿಡ್ರಿ ಕಾಕಾ, ಯಾರಿಗೆ ತಿಳೀತೈತಿ?" ಎಂದೆ ನಾನು. ಅವರು ಅನ್ನಲಿಲ್ಲ. ದನಿ ಹೊರಡಿಸದೆ ತುಟಿ ಮಾತ್ರ ಆಡಿಸಿ ಬಂದರು.

ಸಿನಿಮಾ ಬಂದಾಗ ವರ್ಕ್‌ಶಾಪಿನವರೆಲ್ಲ ಹುಬ್ಬಳ್ಳಿಯ ಥಿಯೇಟರಿಗೆ ಹೋದೆವು. ಕಾಕಾ ಮಗಳನ್ನೂ ಕರೆತಂದಿದ್ದರು. ಪರದೆಯ ಮೇಲೆ ಕಾಕಾರ ಬಾಯಿ ತೆರೆಯಿತು, ಯಾರದೋ ಗೊಗ್ಗರು ದನಿ "ಝೂಲಾ ಬೂಲಾ!" ಎಂದು ಅರಚಿತು. ಥಿಯೇಟರಿನ ತುಂಬ ನಗು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ನಕ್ಕೆ.

ಆ ತುಣುಕು ಎಲ್ಲರ ಫೋನಿಗೂ ಬಂತು. ಬಸ್ಸಿನಲ್ಲಿ ಕಾಕಾ "ತಾರಿಹಾಳ ಒಂದ್ ಕೊಡ್ರಿ" ಅನ್ನುವಷ್ಟರಲ್ಲೇ ಹಿಂದಿನಿಂದ ಯಾರೋ "ಝೂಲಾ ಬೂಲಾ" ಎಂದು ಕೂಗುತ್ತಿದ್ದರು. ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರಿಗೆ ಅದೇ ಅವರ ಹೆಸರಾಯಿತು. ಕಾಕಾ ಪೇಪರ್ ಓದುವುದನ್ನು ಬಿಟ್ಟರು. ಬೋರ್ಡಿನ ಮೇಲೆ ತಪ್ಪು ಕಂಡರೂ ಸುಮ್ಮನೆ ಹಾದುಹೋಗುತ್ತಿದ್ದರು. ಒಂದು ದಿನ ತಡೆಯಲಾರದೆ, "ನಂದ ತಪ್ಪಾತ್ರಿ ಕಾಕಾ" ಎಂದೆ.

"ಇರ್ಲಿ ಬಿಡು ತಮ್ಮಾ. ಊರಿಗೂರ ನೋಡೇತಿ. ಯಾರ್ಯಾರ ಮುಂದ ಹೋಗಿ ಅದು ನನ್ನ ದನಿ ಅಲ್ಲ ಅಂತ ಹೇಳ್ಲಿ?"

ಅವರು ನನ್ನೊಡನೆ ಆಡಿದ ಕೊನೆಯ ಉದ್ದನೆಯ ಮಾತು ಅದೇ. ಹೋದ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು.

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಅವರ ಬಟ್ಟೆಬರೆ ಒಯ್ಯಲು ಮಗಳು ವರ್ಕ್‌ಶಾಪಿಗೆ ಬಂದಳು. ಹೊರಟವಳು ನಿಂತು, "ಅಪ್ಪ ಇಲ್ಲೆ ದಿನಾ ಮಾತಾಡ್ತಿದ್ನಲ್ರಿ, ಅವನ ದನಿ ಯಾರ ಫೋನ್‌ನ್ಯಾಗರ ಐತೇನ್ರಿ? ಮನ್ಯಾಗ ಒಂದೂ ಇಲ್ಲ" ಎಂದಳು.

ಎಲ್ಲರೂ ಫೋನು ತೆಗೆದು ಹುಡುಕಿದೆವು. ಯಾರದೋ ಬೆರಳು ತಾಗಿ ಆ ತುಣುಕು ಕೂಗಿಕೊಂಡಿತು. ಅವನು ಗಾಬರಿಯಿಂದ ಆರಿಸಿದ. ಆಕೆ ನನ್ನ ಮುಖ ನೋಡಿದಳು.

"ಇಲ್ಲವ್ವಾ" ಎಂದೆ.

ಆಕೆ ಚೀಲ ಎತ್ತಿಕೊಂಡು ಹೋದಳು. ಅಷ್ಟು ವರ್ಷ ಕಿವಿಯಾರೆ ಕೇಳಿದ ದನಿಯನ್ನು ಒಂದು ನಿಮಿಷವೂ ಹಿಡಿದಿಡದ ನಾನು, ಆ ಅಣಕವನ್ನು ಮಾತ್ರ ಫೋನಿನಲ್ಲಿ ಅಳಿಸದೆ ಇಟ್ಟುಕೊಂಡಿದ್ದೆ.