ಕಾದಂಬರಿಯೊಳಗಿನ ಲೇಖಕನಿಗೆ ಇಟ್ಟ ಎಡೆ

ನನ್ನ ಗಂಡ ದೋಣಿಮಲೈ ಗಣಿಯಲ್ಲಿ ಕೆಲಸಕ್ಕಿದ್ದರು. ಒಮ್ಮೆ ಯಾರಿಂದಲೋ ಇಸಿದುಕೊಂಡು ಕನ್ನಡಕ್ಕೆ ಅನುವಾದವಾದ ಕಾದಂಬರಿಯೊಂದನ್ನು ತಂದುಕೊಟ್ಟರು. ಪರದೇಶದ ಹೆಸರಾಂತ ಲೇಖಕನೊಬ್ಬನ ಬದುಕನ್ನೇ ದೆವ್ವದ ಕಥೆಯಾಗಿ ಹೊಸೆದದ್ದು. ಅದರಲ್ಲಿ ಅವನು ಪಾಳುಕೋಟೆಯಲ್ಲಿ ದಿಕ್ಕಿಲ್ಲದೆ ಸತ್ತು, ಬರೆಯದೆ ಉಳಿದ ಪುಟಕ್ಕಾಗಿ ಅಲೆಯುತ್ತಾನೆ. ಅಕ್ಷರ ಬಾರದ ಅತ್ತೆಗೆ ಬುಕ್ಕಸಾಗರದ ಮನೆಯಲ್ಲಿ ದಿನಾ ಮಧ್ಯಾಹ್ನ ಅದನ್ನು ಓದಿ ಹೇಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕೊನೆಯ ಪುಟ ಮುಗಿದಾಗ ಅತ್ತೆ ಕಣ್ಣೊರೆಸಿಕೊಂಡು, "ಅಮಾಸಿ ಬಂತು. ಈ ಪುಣ್ಯಾತ್ಮಗೂ ಒಂದು ಎಡಿ ಇಡೂಣು" ಎಂದರು. ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಅವರ ಇಷ್ಟದ ಅಡುಗೆಯನ್ನು ಎಲೆಯಲ್ಲಿ ಬಡಿಸಿಡುವುದು ನಮ್ಮ ಪದ್ಧತಿ.

"ಅತ್ತಿ, ಇದು ಕಟ್ಟಿದ ಕಥಿರಿ. ಖರೇ ಅಂದ್ರ ಅವರು ಮುಪ್ಪಾಗಿ, ಮೊಮ್ಮಕ್ಕಳ ನಡುವ ತೀರಿಕೊಂಡ್ರು."

"ಆ ಮೊಮ್ಮಕ್ಕಳು ಎಡಿ ಇಟ್ಟಾರೇನು?"



ಮಾವ ಕೂಗಾಡುತ್ತಾರೆಂದು ಕಾದೆ. ಪದ್ಧತಿಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಅತ್ತೆಯ ಚೊಚ್ಚಲ ಕೂಸು ಹಲ್ಲು ಬರುವ ಮೊದಲೇ ಹೋಗಿತ್ತು. ಅಂಥ ಕೂಸಿಗೆ ಎಡೆ ಇಲ್ಲವೆಂದು ಮಾವ ಅಂದೇ ಹೇಳಿಬಿಟ್ಟಿದ್ದರು. ಅಲ್ಲಿಂದ ಪ್ರತಿ ವರ್ಷ ಎಲೆ ಹಾಸುವಾಗ ಅತ್ತೆ ಕೊನೆಯಲ್ಲಿ ಒಂದು ಎಲೆಯಷ್ಟು ಜಾಗ ಸುಮ್ಮನೆ ಬಿಡುತ್ತಿದ್ದರು. ನನಗದನ್ನು ನೋಡಲಾಗುತ್ತಿರಲಿಲ್ಲ.

ಆದರೆ ಮಾವನೂ ಬಾಗಿಲ ಮರೆಯಲ್ಲಿ ಕೂತು ಇಡೀ ಕಾದಂಬರಿ ಕೇಳಿಸಿಕೊಂಡಿದ್ದರು! "ಅಂವ ರೊಟ್ಟಿ ತಿನ್ನಂಗಿಲ್ಲ" ಎಂದು ಗಂಭೀರವಾಗಿ ಹೇಳಿ, ಹೊಸಪೇಟೆಗೆ ಹೋಗಿ ಬ್ರೆಡ್ಡು, ಬೆಣ್ಣೆ, ಸಿಗರೇಟು ತಂದರು. ಬ್ರಾಂದಿಗೆ, ಗುರುತಿನವರು ಕಂಡಾರೆಂದು, ಕಂಪ್ಲಿಯವರೆಗೂ ಹೋಗಿ ಬಂದರು. ಉಳಿದ ಪುಟ ಬರೆದು ಮುಗಿಸಲೆಂದು ನನ್ನ ಪೆನ್ನೂ ಎಡೆಗೆ ಹೋಯಿತು.

ಅಮಾವಾಸ್ಯೆಯ ದಿನ ನಮ್ಮ ಮುತ್ತಜ್ಜನ ಪಕ್ಕದಲ್ಲೇ ಲೇಖಕನ ಎಲೆ ಬಿತ್ತು. ಮಾವ ಭಕ್ತಿಯಿಂದ ಬ್ರೆಡ್ಡಿಗೆ ಬೆಣ್ಣೆ ಸವರಿದರು. ಎಲ್ಲರೂ ಕೈಮುಗಿದೆವು. ಅತ್ತೆ ಕೈಮುಗಿಯಲಿಲ್ಲ.

"ಕಂಡಿಲ್ಲ, ಕೇಳಿಲ್ಲ, ಅಂಥವಗ ಎಲಿ ಐತಿ. ನಾ ಹಡದದ್ದಕ್ಕ ಯಾಕಿಲ್ಲರಿ?"

ಮಾವ ಬೆಣ್ಣೆ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಹಿತ್ತಲಿಗೆ ಹೋಗಿ ಸಣ್ಣದೊಂದು ಬಾಳೆಲೆ ಕೊಯ್ದು ತಂದು, ಅತ್ತೆ ಬಿಟ್ಟಿದ್ದ ಜಾಗದಲ್ಲಿ ಹಾಸಿದರು.

"ಹಲ್ಲಿಲ್ಲ ಅದಕ್ಕ. ಹಾಲಷ್ಟ ಹಾಕು."

ಅತ್ತೆ ಸುರಿದ ಹಾಲು ಎಲೆಯಲ್ಲಿ ನಿಲ್ಲದೆ ಹರಿಯತೊಡಗಿತು. ಜೀವಮಾನವಿಡೀ ಗದ್ದೆಗೆ ಕಾಲುವೆ ನೀರು ಕಟ್ಟಿದ್ದ ಮಾವ ಅವಸರದಿಂದ ಕುಕ್ಕರಗಾಲಲ್ಲಿ ಕೂತು, ಅನ್ನ ಒತ್ತಿ ಒತ್ತಿ ಸುತ್ತಲೂ ಬದು ಹಾಕಿದರು.